ಮೂರನೇ ಸ್ಟೀರಿಂಗ್

ರೇಸು ಗೆದ್ದವರ ಮುಖವನ್ನು ಜಗತ್ತು ಗೋಡೆಗೆ ಅಂಟಿಸಿಕೊಳ್ಳುತ್ತದೆ. ಅವಳ ಪಾಲಿಗೆ ಬಂದದ್ದು ಅವರ ಮುಷ್ಟಿ. ಹದಿನೆಂಟು ವರ್ಷದಿಂದ ಅವಳು ಒಂದೇ ತಂಡದ ಕಾರ್ಖಾನೆಯಲ್ಲಿ ರೇಸ್ ಕಾರುಗಳಿಗೆ ಸ್ಟೀರಿಂಗ್ ಮಾಡುತ್ತಿದ್ದಳು. ಹೊಸ ಡ್ರೈವರ್ ಬಂದ ಮೊದಲ ದಿನ ಅವನ ಎರಡು ಕೈಗೂ ನಾದಿದ ಹಿಟ್ಟಿನಷ್ಟು ಮೆತ್ತಗಿನ ಉಂಡೆ ಕೊಟ್ಟು, "ಕಾರಲ್ಲಿ ಹೆಂಗೆ ಹಿಡೀತೀರೋ ಹಂಗೇ ಹಿಡೀರಿ" ಎನ್ನುತ್ತಿದ್ದಳು. ಬೆರಳಚ್ಚು ಮೂಡಿದ ಉಂಡೆ ಗಟ್ಟಿಯಾದ ಮೇಲೆ ಅದರ ಅಳತೆಗೆ ಹಿಡಿಕೆ ಕೂರಿಸಿ, ಉಂಡೆಯನ್ನು ಕಪಾಟಿನಲ್ಲಿಡುತ್ತಿದ್ದಳು. ಅಲ್ಲಿ ಮೂವರು ವಿಶ್ವ ಚಾಂಪಿಯನ್ನರ ಕೈಗಳಿದ್ದವು. ಮೂವರ ಬಗ್ಗೆಯೂ ಅವಳಿಗೆ ಒಂದೇ ಅಭಿಪ್ರಾಯವಿತ್ತು, ಅದು ಹೇಳಿಕೊಳ್ಳುವಂಥದ್ದಲ್ಲ.

ಮೊದಲನೆಯವನಿಗೆ ಕಾರ್ಖಾನೆಯವರು ಇಟ್ಟ ಹೆಸರು ಗಡಿಯಾರ. ರೇಸು ಮುಗಿದೊಡನೆ, ಹೆಲ್ಮೆಟ್ ತೆಗೆಯುವ ಮೊದಲೇ ಕೈಗವಸು ಕಿತ್ತು, ಜಾಹೀರಾತಿನವರು ಕೊಟ್ಟ ವಾಚು ಕಟ್ಟಿಕೊಂಡು, ಆಮೇಲೆ ಜನರಿಗೆ ಮುಖ ತೋರಿಸುತ್ತಿದ್ದ. ಒಂದು ವರ್ಷ ಹನ್ನೊಂದು ರೇಸು ಗೆದ್ದ. ಆ ವರ್ಷದ ಕಾರಿನಲ್ಲಿ ಒಂದು ಮೂಟೆ ಸಿಮೆಂಟು ಕೂರಿಸಿದ್ದರೂ ಐದು ರೇಸು ಬರುತ್ತಿತ್ತು ಎಂದು ಅವಳು ಹೇಳುತ್ತಿದ್ದಳು. ಅಂಕಿಗಳನ್ನು ಬಾಯಿಗೆ ಬಂದಂತೆ ಹೇಳುವವಳು ಅವಳಲ್ಲ. ಗೆಲುವೆಲ್ಲ ತನ್ನದೇ ಎಂದು ನಂಬಿ ಅವನು ಬೇರೆ ತಂಡಕ್ಕೆ ಹೋದ. ನಾಲ್ಕು ವರ್ಷ ಎಂಟನೇ ಸ್ಥಾನದ ಆಚೀಚೆ ಸುತ್ತಿ, ಈಗ ಶೇವಿಂಗ್ ಕ್ರೀಮಿನ ಡಬ್ಬಿಯ ಮೇಲೆ ಹಲ್ಲು ಕಿರಿಯುತ್ತಿದ್ದಾನೆ.

ಎರಡನೆಯವನು ಗೊಣಗಪ್ಪ. ಸೋತರೆ ಟೈರು ಸರಿಯಿಲ್ಲ, ಗಾಳಿ ಸರಿಯಿಲ್ಲ, ಮುಂದಿದ್ದವನು ಸರಿಯಿಲ್ಲ. ಗೆದ್ದರೆ ಕಪ್ಪಿನ ಹಿಡಿ ಸರಿಯಿಲ್ಲ. ಎರಡು ಸಲ ಚಾಂಪಿಯನ್, ಮೂರು ಸಲ ನಿವೃತ್ತ. ಪ್ರತಿ ನಿವೃತ್ತಿಗೂ ಕಾರ್ಖಾನೆಯ ಮುನ್ನೂರು ಜನ ಸಾಲಾಗಿ ನಿಂತು ಚಪ್ಪಾಳೆ ತಟ್ಟಬೇಕು, ಅವನು ಕಣ್ಣೊರೆಸಿಕೊಳ್ಳಬೇಕು. ಎರಡನೇ ಸಲ ಬಣ್ಣದ ವಿಭಾಗದ ಹಿರಿಯನೊಬ್ಬ, "ಈ ಮಹಾನುಭಾವ ಹೋಗೋದರೊಳಗೆ ನಾನೇ ರಿಟೈರ್ ಆಗ್ತೀನಿ ನೋಡ್ತಿರಿ" ಎಂದಿದ್ದ. ಹಾಗೆಯೇ ಆಯಿತು.

ಮೂರನೆಯವನು ಈಗಿನವನು. ಇವನನ್ನು ಎಲ್ಲರೂ ಬೆನ್ನ ಹಿಂದೆ ದೊರೆ ಎನ್ನುತ್ತಿದ್ದರು. ಅವಳು ತಿರಸ್ಕಾರದಿಂದ ಹಾಗೆ ಕರೆದರೆ, ಅವಳ ಭಾವ ಅದೇ ಮಾತನ್ನು ಕೈಮುಗಿಯುವ ದನಿಯಲ್ಲಿ ಹೇಳುತ್ತಿದ್ದ.

ಭಾವ, ಅಂದರೆ ಅವಳ ಅಕ್ಕನ ಗಂಡ, ದೊರೆಯ ಕಾರಿಗೆ ಬ್ರೇಕು ಜೋಡಿಸುವ ಮೆಕ್ಯಾನಿಕ್. ಇಪ್ಪತ್ತೆರಡು ವರ್ಷದ ಅನುಭವ. ಒಂದು ಬೋಲ್ಟು ಬಿಗಿ ಮಾಡಿದರೆ ಮೂರು ಸಲ ಮುಟ್ಟಿ ನೋಡುವವನು. ಮನೆಯಲ್ಲಿ ಗ್ಯಾಸ್ ಆಫ್ ಮಾಡಿ ಬಂದು ಮತ್ತೆ ಹೋಗಿ ನೋಡುವವನು. ಅಂಥವನು ದೊರೆಯ ವಿಷಯ ಬಂದರೆ ಮಾತ್ರ ಕರಗಿ ನೀರಾಗುತ್ತಿದ್ದ.

"ಹೋದ ವಾರ ನನ್ನ ಹೆಸರು ಹಿಡಿದು ಕರೆದ್ರು ಪುಟ್ಟಿ."

"ಅಂಗಿ ಮೇಲೆ ನಿಮ್ಮ ಹೆಸರಿನ ಪಟ್ಟಿ ಇದೆಯಲ್ಲ ಭಾವ, ಓದ್ಕೊಂಡಿರ್ತಾರೆ."

"ನಿನ್ನ ಬಾಯಿಗೊಂದು ಬ್ರೇಕ್ ಹಾಕ್ಬೇಕು ನಾನು."

ಆ ಭಾನುವಾರ ಅವಳು ಕಾರ್ಖಾನೆಯ ದೊಡ್ಡ ಪರದೆಯಲ್ಲಿ ರೇಸು ನೋಡುತ್ತಿದ್ದಳು. ಭಾವ ಟ್ರ್ಯಾಕಿನಲ್ಲಿದ್ದ. ನಲವತ್ತೊಂದನೇ ಸುತ್ತಿನಲ್ಲಿ, ಉದ್ದನೆಯ ನೇರ ರಸ್ತೆಯ ಕೊನೆಗೆ ದೊರೆ ಬ್ರೇಕು ಒತ್ತಿದ. ಕಾರಿನ ಹಿಂದಿನ ಎರಡೂ ಚಕ್ರ ತಿರುಗುವುದನ್ನೇ ನಿಲ್ಲಿಸಿ ಹೊಗೆಯೆದ್ದಿತು, ಕಾರು ಬುಗುರಿಯಂತೆ ಸುತ್ತಿ ಗೋಡೆಗೆ ಬಡಿಯಿತು. ಮೈಗೆ ಏನೂ ಆಗಿರಲಿಲ್ಲ. ಅವನು ಎದ್ದು, ಸ್ಟೀರಿಂಗನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟ. ಸ್ಟೀರಿಂಗ್ ಕಳಚದೆ ಆ ಕಾರಿನಿಂದ ಇಳಿಯಲಾಗುವುದಿಲ್ಲ, ಆದರೆ ಇಳಿದ ಮೇಲೆ ಅದನ್ನು ಮತ್ತೆ ಅಲ್ಲೇ ಸಿಕ್ಕಿಸಿ ಬರುವುದು ನಿಯಮ. ಸಿಟ್ಟಿನಲ್ಲಿ ಮರೆತಿರಬೇಕು ಎಂದುಕೊಂಡಳು.

ಹತ್ತು ನಿಮಿಷದಲ್ಲಿ ಅವನು ಟೀವಿಯ ಮುಂದಿದ್ದ. "ನಾನು ನನ್ನ ಕೆಲಸ ಮಾಡ್ದೆ. ಬ್ರೇಕ್ ಕೈಕೊಡ್ತು. ಯಾರೋ ಒಬ್ಬರು ಅವರ ಕೆಲಸ ಮಾಡಿಲ್ಲ. ಅಷ್ಟೇ." ಹೇಳಿ ಬಾಟಲಿಯ ನೀರು ಕುಡಿದ, ಬಾಟಲಿಯ ಹೆಸರು ಕ್ಯಾಮೆರಾಕ್ಕೆ ಕಾಣುವಂತೆ.

ಬ್ರೇಕಿನ ಕೆಲಸದಲ್ಲಿ 'ಯಾರೋ ಒಬ್ಬರು' ಎಂದರೆ ಯಾರು ಎಂಬುದು ಇಡೀ ಕಾರ್ಖಾನೆಗೆ ಗೊತ್ತಿತ್ತು.

ಮಂಗಳವಾರ ಮುರಿದ ಕಾರು ವಾಪಸು ಬಂತು. ಅವಳು ಊಟಕ್ಕೆ ಕರೆಯಲು ಹೋದಾಗ ಭಾವ ಬಿಳಿ ಬಟ್ಟೆಯ ಮೇಲೆ ಬ್ರೇಕಿನ ಒಂದೊಂದು ಭಾಗವನ್ನೂ ಹರಡಿಕೊಂಡು ನೆಲದ ಮೇಲೆ ಕೂತಿದ್ದ. ಎರಡು ದಿನದಲ್ಲಿ ಮುಖ ಇಳಿದುಹೋಗಿತ್ತು.

"ಏನಾದ್ರೂ ಸಿಕ್ತಾ?"

"ಇಲ್ಲ. ಅದೇ ಕಷ್ಟ. ನಾಕು ಸಲ ಬಿಚ್ಚಿ ಜೋಡಿಸ್ದೆ. ಎಲ್ಲಾ ಸರಿ ಇದೆ."

"ಸರಿ ಇದ್ರೆ ಸರಿ ಇದೆ ಅಂತ ಬರೆದು ಎದ್ದು ಬನ್ನಿ."

"ಅವರೇ ಹೇಳಿದಾರಲ್ಲ ಪುಟ್ಟಿ, ಬ್ರೇಕ್ ಅಂತ. ಕಾಲಲ್ಲಿ ಗೊತ್ತಾಗುತ್ತೆ ಅವರಿಗೆ. ನನ್ನ ಕಣ್ಣಿಗೇ ಬೀಳ್ತಿಲ್ಲ ಅನ್ಸುತ್ತೆ."

ತಪ್ಪು ಸಿಗದೆ ಇರುವುದಕ್ಕೇ ತಪ್ಪಿತಸ್ಥನ ಹಾಗೆ ಕೂತ ಮನುಷ್ಯನನ್ನು ಅವಳು ಅದೇ ಮೊದಲು ನೋಡಿದ್ದು. ಗುರುವಾರ ಸಭೆ ಇದೆ, ಮ್ಯಾನೇಜರ್ ಒಂದು ಹೆಸರು ಕೇಳಿದ್ದಾರೆ, ಆ ಹೆಸರಿನವನು ಮನೆಗೆ ಹೋಗುತ್ತಾನೆ ಎಂದು ಭಾವ ಹೇಳಿದ. ಹೇಳುತ್ತಾ ಒಂದು ಸಣ್ಣ ಉಂಗುರವನ್ನು ಬೆಳಕಿಗೆ ಹಿಡಿದು ಐದನೇ ಸಲ ನೋಡಿದ.

"ಕೆಲಸ ಹೋದ್ರೆ ಹೋಗ್ಲಿ. ಆದ್ರೆ ಯಾವ ತಪ್ಪಿಗೆ ಅಂತ ತಿಳೀಬೇಕು ನಂಗೆ. ತಿಳೀದೆ ಹೋದ್ರೆ ಇನ್ನು ಯಾವ ಗಾಡಿಗೆ ಕೈ ಹಾಕೋಕೂ ಧೈರ್ಯ ಬರಲ್ಲ."

ಅವಳು ಊಟ ಬಿಟ್ಟು ತನ್ನ ಕೋಣೆಗೆ ಹಿಂದಿರುಗಿದಳು. ಟ್ರ್ಯಾಕಿನಿಂದ ಬಂದ ಪೆಟ್ಟಿಗೆ ಮೇಜಿನ ಮೇಲಿತ್ತು. ಅದರಲ್ಲಿ ರೇಸಿನಲ್ಲಿ ಬಳಸಿದ ಸ್ಟೀರಿಂಗ್, ಐದನೇ ಸಂಖ್ಯೆಯದು. ಪ್ರತಿ ಸ್ಟೀರಿಂಗಿಗೂ ಅವಳು ಒಂದು ಸಂಖ್ಯೆ ಕೊಟ್ಟಿದ್ದಳು. ಅವಳು ಹಿಡಿಕೆಯ ಮೇಲೆ ಬಿಳಿ ಬಟ್ಟೆ ಒತ್ತಿ ಎಳೆದಳು. ನಲವತ್ತೊಂದು ಸುತ್ತು ಹಿಡಿದ ಮೇಲೆ ಕೈಗವಸಿನ ಬಣ್ಣ, ಬೆವರು, ಟೈರಿನ ಕರಿ ಪುಡಿ ಎಲ್ಲ ಸೇರಿ ಬಟ್ಟೆ ಮಸಿಯಾಗಬೇಕು. ಬಟ್ಟೆ ಬಿಳಿಯಾಗಿಯೇ ಇತ್ತು. ಇನ್ನೊಂದು ಹಿಡಿಕೆಗೆ ಹೊಸ ಬಟ್ಟೆ ತೆಗೆದುಕೊಂಡಳು. ಅದೂ ಬಿಳಿ.

ಈ ಸ್ಟೀರಿಂಗನ್ನು ಯಾರೂ ಹಿಡಿದೇ ಇರಲಿಲ್ಲ.

ಅವಳು ಎದ್ದು ಮೂಲೆಯ ಗಾಜಿನ ಬೀರು ತೆರೆದಳು. ಅಲ್ಲಿ ಮೂರನೇ ಸಂಖ್ಯೆಯ ಸ್ಟೀರಿಂಗ್ ಇತ್ತು, ಕೆಂಪು ಚೀಟಿ ಕಟ್ಟಿಕೊಂಡು: 'ಟ್ರ್ಯಾಕಿಗೆ ಒಯ್ಯಬಾರದು.' ಚೀಟಿಯ ದಾರದ ಗಂಟು ಅವಳು ಹಾಕುವ ಬಗೆಯದಾಗಿರಲಿಲ್ಲ. ಹಿಡಿಕೆಗೆ ಬಟ್ಟೆ ಮುಟ್ಟಿಸಿದಳು. ಮಸಿ.

ಇದಕ್ಕೊಂದು ಹಿನ್ನೆಲೆಯಿದೆ. ಆ ಸ್ಟೀರಿಂಗಿನ ಎಡಗಡೆ ಹೆಬ್ಬೆರಳಿಗೆ ಸಿಗುವಂತೆ ಒಂದು ತಿರುಗುವ ಗುಂಡಿ ಇರುತ್ತದೆ. ಬ್ರೇಕಿನ ಬಲ ಮುಂದಿನ ಚಕ್ರಗಳಿಗೆ ಎಷ್ಟು, ಹಿಂದಿನವಕ್ಕೆ ಎಷ್ಟು ಎಂದು ಹಂಚುವುದು ಅದರ ಕೆಲಸ. ಹಿಂದಕ್ಕೆ ಹೆಚ್ಚಾದರೆ ಹಿಂದಿನ ಚಕ್ರ ಸಿಕ್ಕಿಕೊಂಡು ಕಾರು ತಿರುಗುತ್ತದೆ. ಈ ತಂಡದಲ್ಲಿ ಮೊದಲಿನಿಂದಲೂ ಎಡಕ್ಕೆ ತಿರುಗಿಸಿದರೆ ಮುಂದಕ್ಕೆ, ಬಲಕ್ಕೆ ತಿರುಗಿಸಿದರೆ ಹಿಂದಕ್ಕೆ. ದೊರೆ ಹಾಗೆಯೇ ಓಡಿಸಿ ಚಾಂಪಿಯನ್ ಆದ. ಆಮೇಲೆ ಮನೆಯಲ್ಲಿ ಆಟದ ಕೋಣೆ ಕಟ್ಟಿಸಿ, ಪರದೆಯ ಮುಂದೆ ಕೂತು ರೇಸು ಆಡುವ ಸಾಮಾನು ತರಿಸಿದ. ಅದರಲ್ಲಿ ಗುಂಡಿ ಉಲ್ಟಾ ಇತ್ತು. ಆಟಿಕೆಯನ್ನು ಕಾರಿನಂತೆ ಮಾಡಿಸಿಕೊಳ್ಳುವ ಬದಲು, ಕಾರನ್ನೇ ಆಟಿಕೆಯಂತೆ ಮಾಡಿ ಎಂದು ಅಪ್ಪಣೆ ಹೊರಡಿಸಿದ. ಅವಳು ಬರಹದಲ್ಲಿ ಕೊಡಿ ಎಂದಳು. ಸಹಿ ಹಾಕಿ ಕೊಟ್ಟ. ಎಲ್ಲ ಸ್ಟೀರಿಂಗುಗಳನ್ನೂ ಬದಲಿಸಿದಳು, ಒಂದನ್ನು ಬಿಟ್ಟು. ಮೂರನೆಯದರಲ್ಲಿ ಅವನು ಕಪ್ಪು ಗೆದ್ದಿದ್ದ.

"ಮೂರನ್ನ ಯಾರೂ ಬಿಚ್ಚಬಾರದು," ಎಂದಿದ್ದ ದೊರೆ. "ಅದರಲ್ಲಿ ನನ್ನ ಅದೃಷ್ಟ ಇದೆ."

ಅವನ ಅದೃಷ್ಟ ಇನ್ನೂ ಎಲ್ಲೆಲ್ಲೋ ಇತ್ತು. ಎಡಗಾಲಿನ ಶೂನಲ್ಲಿತ್ತು, ಅದನ್ನೇ ಮೊದಲು ಹಾಕಬೇಕು. ಕಾರಿನ ಬಲಬದಿಯಲ್ಲಿರಲಿಲ್ಲ, ಆ ಕಡೆಯಿಂದ ಹತ್ತುತ್ತಿರಲಿಲ್ಲ. ರೇಸಿಗೆ ಮುಂಚೆ ಅವನ ಭುಜದ ಬೆಲ್ಟು ಬಿಗಿಯುವ ಕೈ ಭಾವನದೇ ಆಗಿರಬೇಕಿತ್ತು, ಯಾಕೆಂದರೆ ಮೊದಲ ಗೆಲುವಿನ ದಿನ ಬಿಗಿದದ್ದು ಅವನೇ. ಗಂಟೆಗೆ ಮುನ್ನೂರು ಕಿಲೋಮೀಟರು ಹೋಗುವ ಯಂತ್ರದ ಒಳಗೆ, ಇನ್ನೂರು ಇಂಜಿನಿಯರುಗಳ ಲೆಕ್ಕಾಚಾರದ ನಟ್ಟನಡುವೆ, ಬೆಕ್ಕು ಅಡ್ಡಬಂದರೆ ಮನೆಗೆ ವಾಪಸಾಗುವಂಥ ಒಂದು ತಲೆ ಕೂತಿತ್ತು. ಆ ತಲೆಗೆ ಅವಳು ಹದಿನೇಳು ಗುಂಡಿಗಳ ಸ್ಟೀರಿಂಗ್ ಮಾಡಿಕೊಡುತ್ತಿದ್ದಳು.

ಮೂರನೆಯದನ್ನು ಕಂಪ್ಯೂಟರಿಗೆ ಜೋಡಿಸಿ ಅದರ ನೆನಪನ್ನು ತೆರೆದಳು. ಭಾನುವಾರದ್ದೇ ದಿನಾಂಕ. ನಲವತ್ತೊಂದನೇ ಸುತ್ತು: ಆ ರೇಸಿನಲ್ಲಿ ಮೊದಲ ಸಲ ಗುಂಡಿ ತಿರುಗಿದೆ, ಬಲಕ್ಕೆ ಮೂರು ಕ್ಲಿಕ್ಕು, ಬ್ರೇಕಿನ ಬಲ ಹಿಂದಕ್ಕೆ, ಅರ್ಧ ಸೆಕೆಂಡಿನ ಮೇಲೆ ಗೋಡೆ. ಮುಂದಕ್ಕೆ ಹಾಕುತ್ತೇನೆಂದು ಆಟದ ಕೋಣೆಯ ಅಭ್ಯಾಸದಲ್ಲಿ ಬಲಕ್ಕೆ ತಿರುಗಿಸಿದ್ದ. ಹಿಂದಿನ ಎರಡು ರೇಸು ಸೋತಿದ್ದ, ಅದೃಷ್ಟ ನೆನಪಾಗಿ ಮೂರನೆಯದನ್ನು ತನ್ನ ವ್ಯಾಯಾಮದ ಮೇಷ್ಟ್ರ ಚೀಲದಲ್ಲಿ ಕದ್ದು ತರಿಸಿಕೊಂಡಿದ್ದ. ಗೋಡೆಗೆ ಬಡಿದ ಮೇಲೆ ಕಂಕುಳಲ್ಲಿ ಒಯ್ದದ್ದು ಅದನ್ನೇ; ಅದೇ ಚೀಲದಲ್ಲಿ ಅದು ಬೀರುವಿಗೆ ವಾಪಸು ಬಂದು, ಯಾರೂ ಮುಟ್ಟದ ಐದನೆಯದು ಪೆಟ್ಟಿಗೆ ಸೇರಿತ್ತು. ಅದೃಷ್ಟವನ್ನು ಬಿಚ್ಚಬೇಡಿ ಎಂದವನು, ಬಿಚ್ಚದೇ ಇದ್ದದ್ದರಿಂದಲೇ ಅದು ಹಳೆಯ ದಿಕ್ಕಿಗೆ ತಿರುಗುತ್ತದೆ ಎಂಬುದನ್ನು ಮರೆತಿದ್ದ.

ಆ ದಾಖಲೆಯನ್ನು ಮುದ್ರಿಸಿ ಅವಳು ಕೊಟ್ಟ ಹಾಳೆಯನ್ನು ಮ್ಯಾನೇಜರ್ ಎರಡು ಸಲ ಓದಿದರು. ಆಮೇಲೆ ಬಾಗಿಲು ಹಾಕಿ ಬಂದರು.

"ಇದು ಬೇರೆ ಯಾರಿಗಾದ್ರೂ ಗೊತ್ತಾ?"

"ಸದ್ಯಕ್ಕೆ ನಿಮಗೆ, ನಂಗೆ, ಸ್ಟೀರಿಂಗಿಗೆ."

"ನೋಡಮ್ಮ. ಮುಂದಿನ ಮೂರು ವರ್ಷಕ್ಕೆ ಇವರು ಇಲ್ಲೇ ಇರ್ತಾರೋ ಇಲ್ವೋ ಅನ್ನೋ ಮಾತುಕತೆ ನಡೀತಿದೆ. ಈಗ ಅವರ ಹತ್ರ ಹೋಗಿ, ನೀವು ಕಳ್ಳತನ ಮಾಡಿದ್ರಿ, ಎಡ ಬಲ ಮರೆತ್ರಿ ಅಂತ ಹೇಳೋಕಾಗುತ್ತಾ?"

"ಹಂಗಾದ್ರೆ ಬ್ರೇಕಿನವರ ಹೆಸರು ಕೈಬಿಡಿ."

"ಹೆಸರು ಒಂದು ಬೇಕಲ್ಲ. ಒಂದು ಕೆಲಸ ಮಾಡು. ಮೂರನೇದರ ಮೇಲೆ ಚೀಟಿ ಇರ್ಲಿಲ್ಲ ಅಂತ ಬರೆದುಕೊಡು. ಸ್ಟೀರಿಂಗ್ ವಿಭಾಗದ ಸಣ್ಣ ಅಚಾತುರ್ಯ. ನಿಂಗೊಂದು ಎಚ್ಚರಿಕೆ ಪತ್ರ, ನಿಮ್ಮ ಭಾವನ ಕೆಲಸ ಉಳೀತು. ಸಂಸಾರದ ಒಳಗೇ ಮುಗಿದುಹೋಗುತ್ತೆ."

ಅವಳು ಅವರ ಟೈ ನೋಡಿದಳು. ಆ ಟೈ ಮೇಲೂ ಸಣ್ಣ ಸಣ್ಣ ಕಾರುಗಳಿದ್ದವು.

ಬರೆದುಕೊಡುವುದು ಸುಲಭವಿತ್ತು. ಆದರೆ ಭಾವ ನೆಲದ ಮೇಲೆ ಕೂತು ಕೇಳಿದ್ದು ಕೆಲಸವನ್ನಲ್ಲ. ಸುಳ್ಳು ಚೀಟಿಯ ಕಥೆ ಹೇಳಿದರೆ ಅವನು ತನ್ನ ಬ್ರೇಕನ್ನು ಆರನೇ ಸಲ ಬಿಚ್ಚುತ್ತಾನೆ, ಜೀವಮಾನವಿಡೀ ಬಿಚ್ಚುತ್ತಿರುತ್ತಾನೆ.

"ಗುರುವಾರ ಅವರು ಬರ್ತಾರಲ್ಲ," ಎಂದಳು. "ಸಭೆಗೆ ಮುಂಚೆ ಹತ್ತು ನಿಮಿಷ ನನ್ನ ಕೋಣೆಗೆ ಕರ್ಕೊಂಡು ಬನ್ನಿ. ಕೈ ಅಳತೆ ಇದೆ ಅನ್ನಿ. ಆಮೇಲೆ ನೀವು ಏನು ಬರೀರಿ ಅಂದ್ರೂ ಯೋಚನೆ ಮಾಡ್ತೀನಿ."

ಮ್ಯಾನೇಜರ್ ಇದನ್ನು ಒಪ್ಪಿಗೆ ಎಂದು ತಿಳಿದು ನಿರಾಳವಾದರು.

ಗುರುವಾರ ದೊರೆ ಬಂದ, ಹಿಂದೆ ವ್ಯಾಯಾಮದ ಮೇಷ್ಟ್ರು, ಫೋಟೊದವಳು, ಮ್ಯಾನೇಜರ್. ಭಾವನನ್ನು ಅವಳೇ ಮೊದಲೇ ಕರೆದು ಮೂಲೆಯಲ್ಲಿ ನಿಲ್ಲಿಸಿದ್ದಳು. ಅವನು ಕೈ ಕಟ್ಟಿಕೊಂಡು ನೆಲ ನೋಡುತ್ತಿದ್ದ. ದೊರೆ ಅವನ ಕಡೆ ತಲೆ ತಿರುಗಿಸಲಿಲ್ಲ. ಅಂಥ ದಿನಗಳಲ್ಲಿ ಅವನಿಗೆ ಮೆಕ್ಯಾನಿಕ್ಕುಗಳು ಪೀಠೋಪಕರಣದಂತೆ ಕಾಣುತ್ತಿದ್ದರು.

ಮೇಜಿನ ಮೇಲೆ ಎರಡು ಸ್ಟೀರಿಂಗ್ ಇದ್ದವು. ಎರಡಕ್ಕೂ ಒಂದೇ ಬಗೆಯ ಕರಿ ಟೇಪು ಸುತ್ತಿ ಸಂಖ್ಯೆ ಮುಚ್ಚಿದ್ದಳು. ಕೈಗವಸು ಹಾಕಿಸಿ ಕೂರಿಸಿದಳು.

"ಬ್ರೇಕ್ ಮೂರು ಕ್ಲಿಕ್ಕು ಮುಂದಕ್ಕೆ ಹಾಕಿ ಸಾರ್. ರೇಸಲ್ಲಿ ಹಾಕೋ ಹಂಗೆ, ಯೋಚನೆ ಮಾಡದೆ."

ಯೋಚನೆ ಮಾಡದಿರುವುದು ಅವನಿಗೆ ಕಷ್ಟವಾಗಲಿಲ್ಲ. ಹೆಬ್ಬೆರಳು ಬಲಕ್ಕೆ ಹೊರಳಿತು. ಪರದೆಯ ಮೇಲೆ ಗೆರೆ ಮುಂದಕ್ಕೆ ಹೋಯಿತು. ಸ್ಟೀರಿಂಗ್ ಬದಲಿಸಿದಳು. ಮತ್ತೆ ಬಲಕ್ಕೆ, ಗೆರೆ ಹಿಂದಕ್ಕೆ ಹೋಯಿತು. ಒಂದೇ ಸಲ ಮಾಡಿದರೆ ಆಕಸ್ಮಿಕ ಎನ್ನುತ್ತಾರೆಂದು ಕ್ರಮ ತಪ್ಪಿಸಿ ತಪ್ಪಿಸಿ ಎಂಟು ಸಲ ಮಾಡಿಸಿದಳು. ಎಂಟು ಸಲವೂ ಬಲಕ್ಕೇ. ನಾಲ್ಕು ಸಲ ಮುಂದೆ, ನಾಲ್ಕು ಸಲ ಹಿಂದೆ. ತನ್ನ ಅದೃಷ್ಟವನ್ನು ನಾಲ್ಕು ಸಲ ಕೈಯಲ್ಲಿ ಹಿಡಿದರೂ ಅವನಿಗೆ ಗುರುತು ಸಿಗಲಿಲ್ಲ.

"ಇದೊಂದು ಕೆಟ್ಟುಹೋಗಿದೆ," ಎಂದ, ಕೈಯಲ್ಲಿದ್ದದ್ದನ್ನು ಮೇಜಿನ ಮೇಲೆ ತಳ್ಳಿ.

ಅವಳು ಟೇಪು ಬಿಚ್ಚಿದಳು. ಮೂರು.

ವ್ಯಾಯಾಮದ ಮೇಷ್ಟ್ರು ತಮ್ಮ ಚೀಲವನ್ನು ಕಾಲಿನಿಂದ ಮೆಲ್ಲಗೆ ಕುರ್ಚಿಯ ಕೆಳಗೆ ಸರಿಸಿದರು. ಅವಳು ಭಾನುವಾರದ ಹಾಳೆಯನ್ನೂ, ಗುಂಡಿ ಬದಲಿಸಿ ಎಂದು ದೊರೆ ಸಹಿ ಹಾಕಿದ ಪತ್ರವನ್ನೂ ಪಕ್ಕಪಕ್ಕ ಇಟ್ಟಳು.

"ಭಾನುವಾರ ಕಾರಲ್ಲಿದ್ದದ್ದು ಇದು. ಕೆಟ್ಟಿಲ್ಲ. ನೀವು ಬಿಚ್ಚಬೇಡಿ ಅಂದಿದ್ರಿ, ನಾನು ಬಿಚ್ಚಲಿಲ್ಲ. ಅಷ್ಟೇ."

ಕೊನೆಯ ಮಾತನ್ನು ಅವಳು ಬೇಕೆಂದೇ ಟೀವಿಯಲ್ಲಿ ಅವನು ಹೇಳಿದ ಧಾಟಿಯಲ್ಲಿ ಹೇಳಿದಳು.

ದೊರೆ ಪತ್ರ ನೋಡಿದ. "ದಿನಕ್ಕೆ ಇನ್ನೂರು ಕಡೆ ಸಹಿ ಹಾಕ್ತೀನಿ ನಾನು," ಎಂದ. ಆಮೇಲೆ ನಕ್ಕ. ಆ ನಗು ಚೆನ್ನಾಗಿ ಅಭ್ಯಾಸವಾದ ನಗು. ಅದನ್ನು ಕಂಡು ದೇಶದೇಶಗಳಲ್ಲಿ ಜನ ಕಿರುಚುತ್ತಿದ್ದರು. "ಸರಿ ಬಿಡಿ. ಎಲ್ಲರೂ ಮನುಷ್ಯರೇ ತಾನೆ. ನಾವೆಲ್ಲ ಒಂದೇ ತಂಡ." ಎದ್ದು ಮೂಲೆಗೆ ಹೋಗಿ ಭಾವನ ಭುಜ ತಟ್ಟಿ, ಕೈಗವಸು ಬಿಚ್ಚಿ, ಅದರ ಮೇಲೆ ಸಹಿ ಹಾಕಿ ಕೊಟ್ಟ. ಇನ್ನೂರ ಒಂದನೆಯದು. ಫೋಟೊದವಳು ಕ್ಯಾಮೆರಾ ಎತ್ತಿದಳು.

ಭಾವ ಎರಡೂ ಕೈ ಚಾಚಿ ತೆಗೆದುಕೊಂಡ. ಅವಳು ಮುಖ ತಿರುಗಿಸಿದಳು. ಮುಗಿಯಿತು, ಇನ್ನು ಇದನ್ನು ಮನೆಗೆ ಒಯ್ದು ಗಾಜಿನ ಚೌಕಟ್ಟು ಹಾಕಿಸುತ್ತಾನೆ, ಅಕ್ಕ ದಿನಾ ಧೂಳು ಒರೆಸುತ್ತಾಳೆ ಎಂದುಕೊಂಡಳು.

"ಸಾರ್," ಎಂದ ಭಾವ. ದನಿ ಸಣ್ಣದಾಗಿತ್ತು. "ಅವತ್ತು ನೀವು ಟೀವೀಲಿ ಹೇಳಿದ್ರಿ."

"ಹೇಳಿದ್ದು ಸಿಟ್ಟಲ್ಲಿ. ಮರೆತುಬಿಡಿ."

"ನಾನು ಮರೀತೀನಿ ಸಾರ್. ನೋಡಿದವರು ಮರೆಯಲ್ಲ. ನನ್ನ ಮಗಳ ಕ್ಲಾಸಲ್ಲೂ ನೋಡಿದಾರೆ. ಟೀವೀಲಿ ಹೇಳಿದ್ದನ್ನ ಟೀವೀಲೇ ವಾಪಸ್ ತಗೋಬೇಕು."

"ಒಳಗಿನ ವಿಷಯ ಒಳಗೇ ಇರ್ಲಿ ಅಂತ ಸಾರ್ ಹೇಳ್ತಿರೋದು," ಎಂದು ಮ್ಯಾನೇಜರ್ ನಡುವೆ ಬಾಯಿ ಹಾಕಿದರು. "ನಿಮ್ಮ ಕೆಲಸಕ್ಕೇನೂ ತೊಂದರೆ ಇಲ್ಲ, ಹೋಗಿ."

ಭಾವ ಕೈಗವಸನ್ನು ಮಡಚಿ ಮೇಜಿನ ಅಂಚಿಗೆ ಇಟ್ಟ. ಬೋಲ್ಟು ಇಡುವಷ್ಟೇ ಜೋಪಾನವಾಗಿ.

"ಹಂಗಾದ್ರೆ ನನ್ನನ್ನ ಈ ಭಾನುವಾರದಿಂದ ತಂಡದ ಎರಡನೇ ಕಾರಿಗೆ ಹಾಕಿ ಸಾರ್. ಇವರ ಬ್ರೇಕು, ಬೆಲ್ಟು ಬೇರೆ ಯಾರಾದ್ರೂ ನೋಡ್ಕೊಳ್ಲಿ."

ದೊರೆಯ ನಗು ನಿಂತಿತು. ಬ್ರೇಕು ಎಂದಾಗ ನಿಲ್ಲಲಿಲ್ಲ, ಬೆಲ್ಟು ಎಂದಾಗ ನಿಂತಿತು. ಅವಳು ಅವನ ಹೆಬ್ಬೆರಳು ನೋಡಿದಳು. ಅದು ತೋರುಬೆರಳನ್ನು ಉಜ್ಜುತ್ತಿತ್ತು, ಬೇಗ ಬೇಗ. ಸ್ಟೀರಿಂಗಿನ ಅದೃಷ್ಟ ಹೋಗಿತ್ತು. ಈಗ ಬೆಲ್ಟಿನದೂ ಹೋದರೆ ಉಳಿಯುವುದು ಎಡಗಾಲಿನ ಶೂ ಒಂದೇ.

"ಬೇರೆಯವರು ಅಂದ್ರೆ ಯಾರು?" ಎಂದು ಮ್ಯಾನೇಜರನ್ನು ಕೇಳಿದ.

"ಯಾರನ್ನಾದ್ರೂ ಹಾಕ್ತೀವಿ ಸಾರ್, ಒಳ್ಳೆಯವರನ್ನ."

"ಬೇಡ. ಬೇರೆಯವರು ಬೇಡ." ಭಾವನ ಕಡೆ ತಿರುಗಿದ. "ಟೀವೀಲಿ ಹೇಳಿದ್ರೆ ಬರ್ತೀರಾ?"

"ಬರ್ತೀನಿ."

ಅಷ್ಟು ಹೊತ್ತಿನ ಅಂಕಿ, ಹಾಳೆ, ಸಹಿ, ಎಂಟು ಸಲದ ಪ್ರಯೋಗ, ಯಾವುದಕ್ಕೂ ಬಗ್ಗದ ಮನುಷ್ಯ ಅಪಶಕುನಕ್ಕೆ ಹೆದರಿ ಬಗ್ಗಿದ. ನ್ಯಾಯ ಸಿಕ್ಕಿದ್ದೇನೋ ಹೌದು. ಆದರೆ ಅದು ಬಂದ ದಾರಿಯನ್ನು ನೆನೆದು ಅವಳಿಗೆ ಒಂದಿಷ್ಟೂ ಹೆಮ್ಮೆ ಎನಿಸಲಿಲ್ಲ.

ಶುಕ್ರವಾರ ದೊರೆ ಟೀವಿಯಲ್ಲಿ ಹೇಳಿದ. "ಹೋದ ಸಲ ಬ್ರೇಕಿನ ಬಗ್ಗೆ ಒಂದು ಮಾತಾಡಿದ್ದೆ. ಬ್ರೇಕ್ ಸರಿಯಾಗಿತ್ತು. ಅದನ್ನ ಜೋಡಿಸಿದವರ ತಪ್ಪು ಏನೂ ಇಲ್ಲ. ತಪ್ಪು ನಂದು." ಒಟ್ಟು ಹನ್ನೊಂದು ಸೆಕೆಂಡು. ಯಾವ ತಪ್ಪು ಎಂದು ವರದಿಗಾರ ಕೇಳುವಷ್ಟರಲ್ಲಿ ಎದ್ದು ಹೋದ. ಅಷ್ಟಕ್ಕೇ ಮರುದಿನದ ಪತ್ರಿಕೆಗಳು ಅವನ ದೊಡ್ಡ ಮನಸ್ಸನ್ನು ಹೊಗಳಿ ಅರ್ಧ ಪುಟ ಬರೆದವು. ಓದಿ ಅವಳಿಗೆ ನಗಬೇಕೋ ಉಗಿಯಬೇಕೋ ತಿಳಿಯಲಿಲ್ಲ. ಅಕ್ಕ ಫೋನು ಮಾಡಿ, "ಪಾಪ, ಎಷ್ಟು ಒಳ್ಳೆಯವರು ಕಣೆ, ಎಲ್ಲರೆದುರಿಗೂ ತಪ್ಪು ಒಪ್ಕೊಂಡ್ರು" ಎಂದಳು.

"ಭಾವ ಏನಂದ್ರು?"

"ಎರಡು ಸಲ ಊಟ ಬಡಿಸಿಕೊಂಡ್ರು. ಆಮೇಲೆ ಮಲಗಿ ಗೊರಕೆ. ವಾರ ಆಗಿತ್ತು ಆ ಸದ್ದು ಕೇಳಿ."

ಭಾನುವಾರ ಅವಳು ಮತ್ತೆ ಪರದೆಯ ಮುಂದೆ ನಿಂತಳು. ರೇಸು ಶುರುವಾಗಲು ಕೆಲವು ನಿಮಿಷ ಇತ್ತು. ಕಾರುಗಳು ಸಾಲಿನಲ್ಲಿದ್ದವು, ಕ್ಯಾಮೆರಾ ದೊರೆಯ ಮೇಲೆ. ಭಾವ ಕೊಟ್ಟ ಮಾತಿನಂತೆ ಬಂದಿದ್ದ. ಬಾಗಿ ಒಂದು ಭುಜದ ಬೆಲ್ಟು ಬಿಗಿದ, ಇನ್ನೊಂದು ಬಿಗಿದ, ಮೂರು ಸಲ ಎಳೆದು ನೋಡಿದ. ಕೆಲಸದಲ್ಲಿ ಕೂದಲೆಳೆಯಷ್ಟೂ ಕಡಿಮೆಯಿರಲಿಲ್ಲ. ಮುಗಿದ ಮೇಲೆ ದೊರೆ ಮುಷ್ಟಿ ಮುಂದೆ ಚಾಚಿದ. ಪ್ರತಿ ರೇಸಿಗೂ ಅವರಿಬ್ಬರೂ ಮುಷ್ಟಿ ತಾಗಿಸುತ್ತಿದ್ದರು. ಆ ಕ್ಷಣಕ್ಕಾಗಿಯೇ ಭಾವ ಬದುಕಿದ್ದಾನೆ ಎಂದು ಅಕ್ಕ ಗೇಲಿ ಮಾಡುತ್ತಿದ್ದಳು.

ಭಾವ ಆ ಮುಷ್ಟಿಯನ್ನು ನೋಡಿದ. ಕೋಪದ ಮುಖವಲ್ಲ. ಬೋಲ್ಟು ಬಿಗಿಯಾಗಿದೆಯೇ ಎಂದು ನೋಡುವಾಗಿನ ಮುಖವೇ. ಆಮೇಲೆ ಸೊಂಟಕ್ಕೆ ಸಿಕ್ಕಿಸಿದ್ದ ಒರೆಸುವ ಬಟ್ಟೆ ತೆಗೆದು ತನ್ನ ಕೈಗಳನ್ನು ಒರೆಸಿಕೊಂಡು, ಮುಂದಿನ ಎಡ ಚಕ್ರದ ಕಡೆ ಕೆಲಸಕ್ಕೆ ನಡೆದ.

ಮುಷ್ಟಿ ಗಾಳಿಯಲ್ಲಿ ಹಾಗೇ ಇತ್ತು. ಕ್ಯಾಮೆರಾದವನೂ ಏನು ಮಾಡಬೇಕೆಂದು ತೋಚದೆ ಅದನ್ನೇ ತೋರಿಸುತ್ತಿದ್ದ. ಅವಳು ಕೈಗಡಿಯಾರ ನೋಡಿಕೊಂಡಳು. ನಾಲ್ಕು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು. ಆಮೇಲೆ ದೊರೆ ಅದನ್ನು ಮೆಲ್ಲಗೆ ಬಿಡಿಸಿ, ಹೆಲ್ಮೆಟಿನ ಮೇಲೆ ಇಲ್ಲದ ಧೂಳನ್ನು ಒರೆಸಿಕೊಂಡ.